ಕಾವಿನ ಬುಟ್ಟಿಗೆ ನಾನು ಬಳಿದ ಸಗಣಿ

ಕೋಳಿಗೂಡು ಸ್ವಚ್ಛ ಇದೆಯೋ ಇಲ್ಲವೋ ಎಂದು ಬರೀ ಕಣ್ಣಿನಿಂದ ನೋಡಿ ಹೇಳುವವರನ್ನು ನಾನು ನಂಬುವುದಿಲ್ಲ. ಕಸ ಗುಡಿಸಿದ್ದೇನೆ, ಸಾರಿಸಿದ್ದೇನೆ, ಸುಣ್ಣ ಬಳಿದಿದ್ದೇನೆ ಅನ್ನುತ್ತಾರೆ. ನಾನೂ ಹಾಗೆಯೇ ಅನ್ನುತ್ತಿದ್ದೆ. ಸಂದಿಯೊಳಗೆ ಪಿನ್ನು ಚುಚ್ಚಬೇಕು, ಹೊರಗೆ ತೆಗೆದು ಅದರ ತುದಿ ನೋಡಬೇಕು. ತುದಿಗೆ ರಕ್ತ ಹತ್ತಿದ್ದರೆ ಅದು ನಿಮ್ಮ ಕೋಳಿಯ ರಕ್ತ. ಕುಡಿದ ಉಣ್ಣಿ ಒಳಗೆ ಕೂತಿದೆ ಎಂದು ಅರ್ಥ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ತಂಗಿಗೆ ಹೇಳಲಿಲ್ಲ. ಹೇಳಲಿಲ್ಲ ಅನ್ನುವುದು ಸಣ್ಣ ಮಾತಾಯಿತು. ಇಲ್ಲ ಎಂದು ಆಣೆ ಮಾಡಿ ಹೇಳಿದೆ.

ನಾವು ಗುರುಗುಂಟಾದವರು. ನಾನು ದೊಡ್ಡವಳು, ಅವಳು ಸಣ್ಣವಳು, ಇಬ್ಬರೇ. ನಾನು ಐದನೆಯತ್ತೆ ಮುಗಿಸಿದ ವರ್ಷ ಅವ್ವ ನನ್ನನ್ನು ಶಾಲೆ ಬಿಡಿಸಿದಳು. ಅವ್ವ ಕೂಲಿಗೆ ಹೋದಾಗ ತಂಗಿಯನ್ನೂ ಕೋಳಿಗಳನ್ನೂ ನೋಡಿಕೊಳ್ಳುವವರು ಬೇಕಿತ್ತು. ನಾನು ನೋಡಿಕೊಂಡ ತಂಗಿ ಮುಂದೆ ಹತ್ತನೆಯತ್ತೆ ಪಾಸಾದಳು. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆಯೇ ಬೆಳೆದದ್ದು.

ನನ್ನನ್ನು ಬಳಗಾನೂರು ಕಡೆಯ ಈ ಕಾಲುವೆ ಊರಿಗೆ ಕೊಟ್ಟರು. ನಾಲ್ಕು ವರ್ಷದ ಮೇಲೆ ನನ್ನ ಮೈದುನನಿಗೆ ಅವಳನ್ನು ತಂದುಕೊಂಡರು. ಅಕ್ಕ ತಂಗಿ ಒಂದೇ ಮನೆಗೆ ಬಂದರೆ ಜಗಳ ಇರುವುದಿಲ್ಲ ಎಂದು ಹಿರಿಯರು ಲೆಕ್ಕ ಹಾಕಿದ್ದರು. ತಂಗಿ ಆಗಿದ್ದವಳು ನೆಗೆಣ್ಣಿ ಆದಳು. ತಂಗಿಯ ತಪ್ಪನ್ನು ಮರೆಯಬಹುದು, ನೆಗೆಣ್ಣಿ ಬೀಸಿದ ಕಸ ನಮ್ಮ ಅಂಗಳಕ್ಕೆ ಬಂದರೂ ಅದು ನೆನಪಿರುತ್ತದೆ. ಮೂರು ವರ್ಷದೊಳಗೆ ಒಲೆ ಬೇರೆಯಾಯಿತು. ಹಿತ್ತಲಿನ ನಡುವೆ ಮೊಣಕಾಲೆತ್ತರಕ್ಕೆ ಸಾಲುಗಲ್ಲು ಬಿದ್ದವು. ಆ ಕಡೆ ಅವಳ ಗೂಡು, ಈ ಕಡೆ ನನ್ನದು.

ನಮ್ಮಿಬ್ಬರಿಗೂ ಕೋಳಿ ಸಾಕುವುದನ್ನು ಕಲಿಸಿದವಳು ಒಬ್ಬಳೇ ಅವ್ವ. ಗುರುಗುಂಟಾದಲ್ಲಿ ಅವಳ ಗೂಡು ಹಾಸುಗಲ್ಲಿನದು. ಕೆಳಗೆ ಕಲ್ಲು, ಮೇಲೆ ಕಲ್ಲು, ಸಂದಿಗೆಲ್ಲ ಸುಣ್ಣದ ಗಾರೆ. ಪ್ರತಿ ಅಮಾವಾಸ್ಯೆಗೆ ಕೋಳಿಗಳನ್ನು ಹೊರಗೆ ಅಟ್ಟಿ, ಹಿಕ್ಕೆ ಕೆರೆದು, ಒಣ ಹುಲ್ಲಿನ ಒಂದು ಹಿಡಿ ಒಳಗಿಟ್ಟು ಬೆಂಕಿ ತೋರಿಸುತ್ತಿದ್ದಳು. ಬಾಗಿಲ ಮುಂದೆ ಒಂದು ಕುಣಿ ತೋಡಿ ಒಲೆಬೂದಿ ತುಂಬಿ ಇಟ್ಟರೆ ಕೋಳಿಗಳು ಅದರಲ್ಲಿ ಹೊರಳಾಡಿ ತಮ್ಮ ಹೇನು ತಾವೇ ಕಳೆದುಕೊಳ್ಳುತ್ತಿದ್ದವು. ಬೂದಿ ತರುವುದು ನನ್ನ ಕೆಲಸ, ಸುಣ್ಣ ಕಲಸುವುದು ತಂಗಿಯದು. ಕೊನೆಗೆ ಅವ್ವ ತಾಳಿಗೆ ಸಿಕ್ಕಿಸಿಕೊಂಡಿದ್ದ ಪಿನ್ನು ತೆಗೆದು ಒಂದೊಂದು ಸಂದಿಗೂ ಚುಚ್ಚಿ ನೋಡುತ್ತಿದ್ದಳು. ಪಿನ್ನಿನ ತುದಿಯನ್ನು ನಮ್ಮಿಬ್ಬರಿಗೂ ತೋರಿಸಿಯೇ ಮತ್ತೆ ಸಿಕ್ಕಿಸಿಕೊಳ್ಳುವಳು.

ಅವ್ವನ ಕೋಳಿಗಳು ಬೋಳುಗುತ್ತಿಗೆಯವು. ಕುತ್ತಿಗೆಯ ಮೇಲೆ ಪುಕ್ಕವಿಲ್ಲ, ಕೆಂಪು ತೊಗಲು. ನೋಡಲು ಚೆಂದವಲ್ಲ. ಆದರೆ ಬಿಸಿಲಿಗೆ ಜಗ್ಗುತ್ತಿರಲಿಲ್ಲ, ವರ್ಷವಿಡೀ ತತ್ತಿ ಇಡುತ್ತಿದ್ದವು. ತಂಗಿಯ ಮದುವೆಯಾದ ಮೇಲೆ ಒಮ್ಮೆ ಅವ್ವ ಇನ್ನೂ ತತ್ತಿಗೆ ಬಾರದ ಎರಡು ಪಿಳ್ಳೆಗಳನ್ನು ಬುಟ್ಟಿಯಲ್ಲಿಟ್ಟುಕೊಂಡು, ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ, ಮಸ್ಕಿಯಲ್ಲಿ ಮತ್ತೆ ಬದಲಿಸಿ, ನಮಗೆ ತಂದು ಕೊಟ್ಟಳು. ಒಂದು ನನಗೆ, ಒಂದು ಅವಳಿಗೆ. ನನ್ನದನ್ನು ಆ ವರ್ಷವೇ ನನ್ನ ಗಂಡನ ಗೆಳೆಯರು ಬಂದ ದಿನ ಕೊಯ್ದು ಸಾರು ಮಾಡಿದೆ. ಅವ್ವನ ಹತ್ತಿರ ಬೇಕಾದಷ್ಟು ಇದ್ದಾವಲ್ಲ ಅಂದುಕೊಂಡೆ. ಮರುವರ್ಷ ಗುರುಗುಂಟಾಕ್ಕೆ ಕೊಕ್ಕರೆ ರೋಗ ಬಂದು ಅವ್ವನ ಗೂಡು ಖಾಲಿಯಾಯಿತು. ಅದರ ಮರುವರ್ಷ ಅವ್ವನೂ ಹೋದಳು. ಅಲ್ಲಿಗೆ ಅವ್ವನ ಕೋಳಿಯ ತಳಿ ಅಂತ ಉಳಿದದ್ದು ಸಾಲುಗಲ್ಲಿನ ಆ ಕಡೆ ಮಾತ್ರ.

ತಂಗಿ ಅದನ್ನು ಬೆಳೆಸಿದಳು. ಗೂಡಿನ ವಿಷಯದಲ್ಲಿ ಅವಳು ಅವ್ವನನ್ನೂ ಮೀರಿಸಿದ್ದಳು ಅನ್ನಬೇಕು. ನಮ್ಮದು ನೀರಿನ ಊರು. ಗದ್ದೆಗೆ ನೀರು ಬಿಟ್ಟರೆ ಹಿತ್ತಲ ನೆಲವೂ ಬೆವರುತ್ತದೆ. ಒದ್ದೆ ನೆಲದ ಮೇಲೆ ಬಿದ್ದ ಹಿಕ್ಕೆಯಲ್ಲಿ ಜಂತು ಹುಟ್ಟುತ್ತದೆ, ಕೋಳಿ ಅದನ್ನೇ ಕೆದರಿ ತಿನ್ನುತ್ತದೆ. ಅವಳು ನಾಲ್ಕು ಕಲ್ಲಿನ ಮೇಲೆ ಗೂಡು ಎತ್ತಿಸಿದಳು. ತಗಡು, ಜಾಳಿಗೆ, ಕೆಳಗೆ ಭತ್ತದ ಹೊಟ್ಟು. ಹೊಟ್ಟು ಒದ್ದೆಯಾದರೆ ಅಂದೇ ತೆಗೆದು ತಿಪ್ಪೆಗೆ ಹಾಕುವಳು. ಅಕ್ಕಿ ಮಿಲ್ಲಿನ ಕರಿಬೂದಿಯನ್ನು ಚೀಲಗಟ್ಟಲೆ ತರಿಸಿ ಕುಣಿ ತುಂಬುವಳು. ಕುಡಿಯುವ ನೀರಿನ ತಟ್ಟೆಯನ್ನು ದಿನಾ ತಿಕ್ಕುವಳು. ಮೊಬೈಲಿನಲ್ಲಿ ನೋಡಿಕೊಂಡು ಜಂತಿನ ಔಷಧಿ ಹಾಕುವಳು. ನಾನು ಈ ಕಡೆಯಿಂದ, ‘ಕೋಳಿಗೆ ಹಾಸಿಗಿ ಹಾಕ್ಯಾಳ, ನಾಳಿ ಸೊಳ್ಳಿಪರದಿನೂ ಕಟ್ಟತಾಳ’ ಎಂದು ಎಲ್ಲರಿಗೂ ಕೇಳುವಂತೆ ಅನ್ನುತ್ತಿದ್ದೆ.

ನನ್ನ ಗೂಡು ಮಾವನ ಹಳೆಯ ಬಂಡಿಯ ಹಲಗೆಯದು. ಬಿರುಕು ಬಿಟ್ಟ ಹಲಗೆ. ಅದಕ್ಕೆ ಹತ್ತಿಕೊಂಡು ಮನೆಯ ಮಣ್ಣಿನ ಗೋಡೆ. ಒಳಗೆ ಕಾವಿಗೆ ಕೂರಿಸಲು ಒಂದು ಬಿದಿರಿನ ಬುಟ್ಟಿ. ಉಗಾದಿಗೆ ಎರಡು ವಾರ ಇದ್ದಾಗ ತತ್ತಿ ಇಡುವ ನನ್ನ ಕರಿ ಹ್ಯಾಟೆಯ ಜುಟ್ಟು ಬಿಳುಚಿದ್ದನ್ನು ಕಂಡೆ. ಪಿನ್ನು ತೆಗೆದು ಬುಟ್ಟಿಯ ಹೆಣಿಕೆಯೊಳಗೆ ಚುಚ್ಚಿದೆ. ತುದಿ ಕೆಂಪಾಯಿತು. ಇನ್ನೊಂದು ಕಡೆ ಚುಚ್ಚಿದೆ, ಅಲ್ಲೂ ಕೆಂಪು. ಬುಟ್ಟಿಯನ್ನು ಕಲ್ಲಿಗೆ ಕುಟ್ಟಿದಾಗ ಅಗಸೆ ಬೀಜದಂಥ ಚಪ್ಪಟೆ ಹುಳಗಳು ನಾಲ್ಕೈದು ಉದುರಿದವು. ಹಲಗೆಯ ಬಿರುಕಿನಲ್ಲೂ ಇದ್ದವು.

ಮಾಡಬೇಕಾದದ್ದೇನು ಎಂದು ಗೊತ್ತಿತ್ತು. ಬುಟ್ಟಿ ಸುಡಬೇಕು, ಹಲಗೆ ಕಿತ್ತು ಸುಡಬೇಕು, ಗೋಡೆಯ ಬಿರುಕಿಗೆ ಕುದಿಯುವ ನೀರು ಹಾಕಿ ಗಾರೆ ತುಂಬಬೇಕು. ಸುಟ್ಟರೆ ಹೊಗೆ ಆ ಕಡೆ ಹೋಗುತ್ತದೆ. ಯಾಕೆ ಸುಡುತ್ತೀ ಎಂದು ಅವಳು ಕೇಳುತ್ತಾಳೆ. ಹತ್ತನೆಯತ್ತೆ ಓದಿದವಳ ಮುಂದೆ ನನ್ನ ಗೂಡಿನಲ್ಲಿ ಉಣ್ಣಿ ಬಿದ್ದಿದೆ ಎಂದು ಒಪ್ಪಿಕೊಳ್ಳುವುದು ನನ್ನಿಂದ ಆಗದು. ಹಬ್ಬಕ್ಕೆ ಮನೆ ಸಾರಿಸಲು ಸಗಣಿ, ಕೆಮ್ಮಣ್ಣು ಕಲಸಿ ಇಟ್ಟಿದ್ದೆ. ಅದನ್ನೇ ಗಟ್ಟಿಯಾಗಿ ತೆಗೆದು ಹಲಗೆಯ ಬಿರುಕಿಗೆಲ್ಲ ಬಳಿದೆ. ಬುಟ್ಟಿಗೆ ಒಳಗೂ ಹೊರಗೂ ಬಳಿದೆ. ಒಣಗಿದ ಮೇಲೆ ಬುಟ್ಟಿಯ ಅಂಚಿಗೆ ಸುಣ್ಣದ ಗೆರೆ ಎಳೆದೆ. ನಮ್ಮಲ್ಲಿ ಸಗಣಿ ಸಾರಿಸಿದರೆ ಆ ಜಾಗ ಶುದ್ಧವಾಯಿತು ಎಂದೇ ಲೆಕ್ಕ. ಒಳಗಿನವು ಉಸಿರುಗಟ್ಟಿ ಸಾಯುತ್ತವೆ ಅಂದುಕೊಂಡೆ. ಅಂದುಕೊಂಡೆನೋ, ಅಂದುಕೊಂಡಂತೆ ಮಾಡಿದೆನೋ, ಈಗ ಹೇಳಲಾರೆ.

ಉಗಾದಿ ಆದ ಮೂರನೆಯ ದಿನ ತಂಗಿ ಸಾಲುಗಲ್ಲಿನ ಹತ್ತಿರ ಬಂದು ನಿಂತಳು. ನಾವು ಮಾತಾಡಿ ತಿಂಗಳ ಮೇಲಾಗಿತ್ತು.

‘ಅಕ್ಕಾ, ನಿನ್ನ ಕರಿ ಹ್ಯಾಟಿ ಕಾವು ಕುಂತೈತೇನು?’

‘ಯಾರು ಹೇಳ್ಯಾರ ನಿನಗ?’

‘ಮುಂಜಾನಿಂದ ಲೊಕ್ ಲೊಕ್ ಅನ್ನಾಕತ್ತೈತಿ. ನನಗೂ ಕಿವಿ ಅದಾವ.’

‘ಕುಂತ್ರ ಏನೀಗ?’

‘ಅವ್ವ ಕೊಟ್ಟ ಹ್ಯಾಟಿ ಮುದಿ ಆಗೇತಿ. ಇನ್ನ ಎಷ್ಟು ದಿನ ತತ್ತಿ ಇಡತದೋ ಏನೋ. ಅದರವು ಹನ್ನೊಂದು ತತ್ತಿ ಕೂಡಿಸಿಟ್ಟೀನಿ. ನನ್ನವು ಒಂದೂ ಕಾವು ಕೂಡವಲ್ಲವು. ನಿನ್ನದನ್ನ ಪಾಲಿಗೆ ಕೊಡು.’

ಪಾಲಿಗೆ ಅಂದರೆ ಕೋಳಿ ಒಬ್ಬರದು, ತತ್ತಿ ಒಬ್ಬರದು, ಎದ್ದ ಮರಿಯಲ್ಲಿ ಅರ್ಧ ಅರ್ಧ. ನಮ್ಮ ಕಡೆ ಬದ್ಧವೈರಿಗಳ ನಡುವೆಯೂ ಇದು ನಡೆಯುತ್ತದೆ. ನನಗೂ ಆಸೆಯಾಯಿತು. ನಾನು ಸಾರು ಮಾಡಿ ಉಂಡ ತಳಿ ನನ್ನ ಹಿತ್ತಲಿಗೆ ಮತ್ತೆ ಬರುವುದಿತ್ತು. ಒಯ್ಯಿ ಅಂದೆ.

ಅವಳು ಒಳಗೆ ಬಂದು ಹ್ಯಾಟೆಯನ್ನು ಎತ್ತಿ, ಎರಡೂ ಕಾಲು ಹಿಡಿದು ತಲೆಕೆಳಗೆ ಮಾಡಿದಳು. ರೆಕ್ಕೆಯ ಬುಡ, ಬಾಲದ ಬುಡದ ಪುಕ್ಕಗಳನ್ನು ಬಾಯಿಂದ ಊದಿ ಊದಿ ಬಿಡಿಸಿ ಹೇನು ಹುಡುಕಿದಳು. ಅಷ್ಟರಲ್ಲಿ ಎದುರು ಮನೆಯ ಮುದುಕಿ ಎಲೆ ಅಡಿಕೆ ಕೇಳಲು ಬಂದು ನಿಂತಿದ್ದಳು.

‘ಹೆಣ್ಣು ನೋಡಾಕ ಬಂದೋರೂ ಇಷ್ಟು ನೋಡಂಗಿಲ್ಲ ಬಿಡು’ ಅಂದಳು ಮುದುಕಿ. ‘ಬಾಯಿ ತಗದು ಹಲ್ಲೂ ಎಣಿಸಿಬಿಡಬೇ.’

ಮುದುಕಿ ನಕ್ಕಳು, ತಂಗಿಯೂ ನಕ್ಕಳು. ನನ್ನ ಮೈ ಉರಿಯಿತು. ನನ್ನ ಮನೆಯಲ್ಲಿ ನಿಂತು, ಪರರ ಮುಂದೆ, ನನ್ನ ಕೋಳಿಯ ಹಿಂಭಾಗ ಊದಿ ನೋಡುತ್ತಿದ್ದಾಳೆ.

‘ಕೋಳಿ ಚಲೋ ಐತಿ’ ಅಂದಳು ತಂಗಿ. ‘ಬುಟ್ಟಿ?’

‘ಮೊನ್ನಿ ಸಾರಿಸೀನಿ. ಕಣ್ಣಿಲ್ಲೇನು?’

‘ಸಾರಿಸಿದ್ದು ಕಾಣಾಕತ್ತೈತಿ. ಅದಕ್ಕ ಕೇಳಾಕತ್ತೀನಿ. ಒಳಗ ಉಣ್ಣಿ ಇಲ್ಲಲ್ಲ?’

‘ಇಲ್ಲ.’

‘ಅವ್ವನ ಆಣಿ?’

ಬುಟ್ಟಿ ಬಿಟ್ಟು ಬರೀ ಕೋಳಿ ಒಯ್ಯಿ ಅನ್ನಬಹುದಿತ್ತು. ಆದರೆ ಕಾವು ಕೂತ ಕೋಳಿಯ ಬುಟ್ಟಿ ಬದಲಿಸಿದರೆ ಅದು ಕಾವು ಬಿಟ್ಟು ಎದ್ದುಬಿಡುತ್ತದೆ. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಬುಟ್ಟಿ ಹೋಗಲೇಬೇಕಿತ್ತು. ಒಂದನ್ನೂ ಬಿಡದೆ ಬರೆಯಬೇಕು ಎಂದು ಕೂತಿದ್ದೇನೆ, ಆದ್ದರಿಂದ ಇದನ್ನೂ ಬರೆಯುತ್ತೇನೆ. ಆ ಹೊತ್ತಿಗೆ ನನ್ನ ಮನಸ್ಸಿನಲ್ಲಿ ಬಂದದ್ದು ಹೆದರಿಕೆ ಅಲ್ಲ. ನಿನ್ನ ಹಾಸಿಗೆ ಹಾಕಿದ ಗೂಡಿಗೂ ಬೀಳಲಿ, ಆಗ ಎಷ್ಟು ಊದುತ್ತೀಯೋ ನೋಡುತ್ತೇನೆ ಅನ್ನಿಸಿತು.

‘ಅವ್ವನ ಆಣಿ’ ಅಂದೆ. ‘ಇಲ್ಲ.’

ಅವಳ ತಾಳಿಯಲ್ಲೂ ಪಿನ್ನು ಇತ್ತು. ಚುಚ್ಚಿ ನೋಡಬಹುದಿತ್ತು. ಸತ್ತ ಅವ್ವನ ಮೇಲೆ ಅಕ್ಕ ಆಣೆ ಮಾಡಿದ ಮೇಲೆ ಚುಚ್ಚಿದರೆ ಅದು ಅವ್ವನಿಗೇ ಚುಚ್ಚಿದ ಹಾಗೆ. ಅವಳು ಪಿನ್ನು ಮುಟ್ಟಲಿಲ್ಲ. ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡು, ಕೋಳಿಯನ್ನು ಕಂಕುಳಲ್ಲಿ ಹಿಡಿದುಕೊಂಡು, ಸಾಲುಗಲ್ಲು ದಾಟಿದಳು. ಬುಟ್ಟಿಯಲ್ಲಿ ಬೂದಿ ಹಾಸಿ, ಬೇವಿನ ಸೊಪ್ಪು ಹಾಕಿ, ತತ್ತಿಗಳ ನಡುವೆ ಗುಡುಗಿಗೆ ಹೆದರದಿರಲಿ ಎಂದು ಒಂದು ಇದ್ದಿಲು, ಒಂದು ಮೊಳೆ ಇಟ್ಟಳು. ಅವ್ವ ಇಡುತ್ತಿದ್ದ ಹಾಗೆಯೇ.

ಇಪ್ಪತ್ತೊಂದನೆಯ ದಿನ ಒಂಬತ್ತು ಮರಿ ಎದ್ದವು. ಐದು ಬೋಳುಗುತ್ತಿಗೆಯವು. ಕೋಳಿಯ ಮೈಬಿಸಿಗೆ ನಾನು ಬಳಿದ ಸಗಣಿ ಅಷ್ಟರೊಳಗೆ ಎಲ್ಲ ಕಡೆ ಸೀಳು ಬಿಟ್ಟಿತ್ತಂತೆ. ಮರಿ ಇಳಿದ ಮೇಲೆ ಬೂದಿ ಝಾಡಿಸಿ, ತತ್ತಿ ಇಡಲು ಆಗುತ್ತದೆ ಎಂದು ಆ ಬುಟ್ಟಿಯನ್ನು ತಂಗಿ ತನ್ನ ಗೂಡಿನಲ್ಲೇ ತೂಗುಹಾಕಿದಳು.

ಬಿಸಿಲು ಏರಿತು. ಕಾಲುವೆ ಬಂದಾಯಿತು. ಆ ಸೆಕೆಗೆ ಉಣ್ಣಿ ಹೇಗೆ ಹೆಚ್ಚುತ್ತದೆ ಎಂದು ಕಂಡವರಿಗೇ ಗೊತ್ತು. ಮೊದಲು ಮೂರು ಮರಿ ಹೋದವು. ಹದ್ದು ಒಯ್ದಿರಬೇಕು ಎಂದು ತಂಗಿ ಬಲೆ ಕಟ್ಟಿದಳು. ಆಮೇಲೆ ಗೂಡಿನಲ್ಲೇ ಸತ್ತು ಬಿದ್ದವು. ಸಣ್ಣ ಮೈ, ರಕ್ತವಿಲ್ಲದ ಬಿಳಿ ಕಾಲು. ಅವಳು ಹೊಟ್ಟು ಪೂರಾ ತೆಗೆದು ಹೊಸದು ಹಾಕಿದಳು. ಜಂತಿನ ಔಷಧಿ ಹಾಕಿದಳು. ನೆಲಕ್ಕೆ ಸುಣ್ಣ ಹಾಕಿದಳು. ದೊಡ್ಡ ಕೋಳಿಗಳ ಜುಟ್ಟು ಬಿಳುಚಿದವು, ನಡೆಯುವಾಗ ಕಾಲು ಸೋತು ಕೂತುಬಿಡುತ್ತಿದ್ದವು. ನನ್ನ ಕರಿ ಹ್ಯಾಟೆ ಅಲ್ಲೇ ಸತ್ತಿತು. ಹಗಲೆಲ್ಲ ಕೋಳಿಗಳನ್ನು ಹಿಡಿದು ಊದಿ ಊದಿ ನೋಡುವಳು, ಏನೂ ಸಿಗದು. ಈ ಉಣ್ಣಿ ಹಗಲು ಮೈಮೇಲೆ ಇರುವುದಿಲ್ಲ.

ನಾನು ಸಾಲುಗಲ್ಲಿನ ಈ ಕಡೆ ಪಾತ್ರೆ ತಿಕ್ಕುತ್ತ ನೋಡುತ್ತಿದ್ದೆ. ಬುಟ್ಟಿ ತೆಗಿ ಅಂದರೆ ಸಾಕಿತ್ತು. ಎರಡು ಮಾತು. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಅಂದುಕೊಳ್ಳುವೆ. ಆಕೆಯ ಮುಖ ಕಂಡ ಕೂಡಲೇ ಮತ್ತೆ ಪಾತ್ರೆಗೆ ಬಗ್ಗುವೆ. ಹೇಳಿದರೆ ಆಣೆ ಸುಳ್ಳಾಗುತ್ತದೆ. ಸುಮ್ಮನಾದರೂ ಇದ್ದೆನೇ? ಇರಲಿಲ್ಲ. ನಳದ ಹತ್ತಿರ ಕೊಡ ಹಿಡಿದು ನಿಂತವರು, ನಿನ್ನ ತಂಗಿಯ ಕೋಳಿ ಯಾಕೆ ಸಾಯುತ್ತಿವೆ ಎಂದು ಕೇಳಿದಾಗ, ‘ಎಷ್ಟು ಓದಿದ್ರೇನು, ಗಲೀಜು ಬಿಡಾಕ ಬರಂಗಿಲ್ಲ. ಹೊಟ್ಟಿನ್ಯಾಗ ಮುಚ್ಚಿಟ್ರ ಹಿಕ್ಕಿ ಹೋಗತೈತೇನು?’ ಅಂದೆ.

ತಂಗಿ ಹಿಂದೆಯೇ ನಿಂತಿದ್ದಳು.

‘ಗಲೀಜು ಯಾರು ಬೇ?’ ಅಂದಳು. ‘ಬಾ, ನನ್ನ ಗೂಡಿನ ನೆಲದ ಮ್ಯಾಲ ರೊಟ್ಟಿ ಇಟಗೊಂಡು ತಿನ್ನಬಹುದು. ನಿನ್ನ ಗೂಡಿಗೆ ಮೂಗು ಬಿಟಗೊಂಡು ಬರಾಕ ಆಗಂಗಿಲ್ಲ.’

‘ನನ್ನವು ಸಾಯಾಕತ್ತಿಲ್ಲಲ್ಲ. ಸಾಯಾಕತ್ತಿದ್ದು ನಿನ್ನವು.’

ಅವಳು ತನ್ನ ಕೊಡ ಅಲ್ಲೇ ಬಿಟ್ಟು ಹೋದಳು. ಆ ಕೊಡವನ್ನು ನಾನು ತುಂಬಿಸಿ ಒಯ್ದು ಕೊಡಲಿಲ್ಲ. ಎದುರು ಮನೆಯ ಮುದುಕಿ ಒಯ್ದು ಕೊಟ್ಟಳು.

ಅವ್ವ ಬಸ್ಸಿನಲ್ಲಿ ತಂದ ಮುದಿ ಹ್ಯಾಟೆ ಸತ್ತ ದಿನ ತಂಗಿ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಸಿಂಧನೂರಿಗೆ, ದನದ ಆಸ್ಪತ್ರೆಗೆ ಹೋದಳು. ಸತ್ತ ಕೋಳಿ ಹಿಡಿದುಕೊಂಡು ಬಸ್ಸು ಹತ್ತಿದ್ದಕ್ಕೆ ಕಂಡಕ್ಟರ್ ಬೈದನಂತೆ. ಸಂಜೆ ಬಂದು ಅಂಗಳದಲ್ಲಿ ನಿಂತು ತನ್ನ ಗಂಡನಿಗೆ ಹೇಳಿದ್ದು ನನಗೆ ಪೂರಾ ಕೇಳಿಸಿತು.

‘ಜಂತು ಅಲ್ಲಂತ. ಉಣ್ಣಿ ಅಂತ. ಹಗಲೊತ್ತು ಸಂದಿನ್ಯಾಗ ಇರತಾವಂತ, ಕತ್ತಲಾದ್ರ ಬಂದು ಕುಡದು ಹೋಗತಾವಂತ. ತಿಂಗಳಗಟ್ಟಲೆ ಉಪವಾಸ ಇದ್ರೂ ಸಾಯಂಗಿಲ್ಲಂತ. ಗೂಡು ಬಿಚ್ಚಿ ನೋಡ್ರಿ ಅಂದ್ರು ಡಾಕ್ಟರು.’

‘ಮನ್ಯಾಗ ನೆಲ್ಲಿಗೆ ಹೊಡಿಯೋ ಎಣ್ಣಿ ಉಳದೈತಲ್ಲ, ಹೊಡದುಬಿಡ್ತೀನಿ’ ಅಂದ ನನ್ನ ಮೈದುನ. ನಮ್ಮ ಕಡೆ ಭತ್ತಕ್ಕೆ ನೆಲ್ಲು, ಬೆಳೆಗೆ ಹೊಡೆಯುವ ಔಷಧಿಗೆ ಎಣ್ಣೆ ಅನ್ನುತ್ತಾರೆ, ಎಲ್ಲದಕ್ಕೂ ಅದನ್ನೇ ಹೊಡೆಯುತ್ತಾರೆ.

‘ಅದನ್ನ ಮುಟ್ಟಬ್ಯಾಡ್ರಿ ಅಂತನೂ ಹೇಳ್ಯಾರ. ಕೋಳಿನೂ ಸಾಯತಾವ, ತತ್ತಿ ತಿಂದೋರೂ ಸಾಯತಾರ. ಗೂಡಿಗೆ ಹೊಡಿಯೋದು ಬ್ಯಾರೆ ಕೊಟ್ಟಾರ.’

ಮರುದಿನ ಬೆಳಿಗ್ಗೆ ಅವಳು ಗೂಡು ಬಿಚ್ಚಿದಳು. ಜಾಳಿಗೆಯ ಮಡಿಕೆಯಲ್ಲಿ, ತಗಡು ಕೂತ ಕಟ್ಟಿಗೆಯ ಕೆಳಗೆ, ಎಲ್ಲ ಕಡೆ ಅಗಸೆ ಚೆಲ್ಲಿದ ಹಾಗೆ ಇದ್ದವು. ಅವಳು ತಲೆಯ ಮೇಲೆ ಕೈ ಹೊತ್ತು ಕೂತದ್ದನ್ನು ಕಂಡೆ. ಆಮೇಲೆ ಎದ್ದು ಸಾಲುಗಲ್ಲಿನ ಹತ್ತಿರ ಬಂದಳು. ಕೈಯಲ್ಲಿ ಆ ಬುಟ್ಟಿ. ಅಂಚಿನ ಸುಣ್ಣದ ಗೆರೆ ಇನ್ನೂ ಇತ್ತು.

‘ಇದರಾಗೂ ಅದಾವ’ ಅಂದಳು. ‘ನೀ ಕೊಟ್ಟಾಗ ಇದ್ದಿಲ್ಲಲ್ಲ?’

‘ಆಣಿ ಮಾಡೀನಲ್ಲ’ ಅಂದೆ.

ಎರಡನೆಯ ಸಲ.

‘ಹೌದು’ ಅಂದಳು. ‘ಅಂದ್ರ ನನ್ನ ಗೂಡಿನವ ಇದಕ್ಕ ಹತ್ಯಾವ. ಮಿಲ್ಲಿನಿಂದ ತಂದ ಹೊಟ್ಟಿನ ಚೀಲದಾಗ ಬಂದಿರಬೇಕು. ನೀ ಅಂದಿದ್ದು ಖರೆ, ನನ್ನ ಹೊಟ್ಟ ನನಗ ಮುಳುವಾತು.’ ಬುಟ್ಟಿಯನ್ನು ಮೈಯಿಂದ ದೂರ ಹಿಡಿದು, ‘ನಿನ್ನ ಬುಟ್ಟಿ ಸುಡಬೇಕಾಗತೈತಿ. ಸಿಟ್ಟಾಗಬ್ಯಾಡ. ಬ್ಯಾರೆ ತಂದು ಕೊಡತೀನಿ’ ಅಂದಳು.

ಸುಟ್ಟಳು. ಕಟ್ಟಿಗೆ, ಹೊಟ್ಟು, ಬುಟ್ಟಿ, ಎಲ್ಲ. ಬಿದಿರಿನ ಸಂದಿಯಲ್ಲಿ ಅವು ಚಟಚಟ ಸಿಡಿಯುವುದು ನನಗೆ ಇಲ್ಲಿಗೆ ಕೇಳಿಸುತ್ತಿತ್ತು. ಮುಂದಿನ ಸಂತೆಗೆ ಮಸ್ಕಿಗೆ ಹೋಗಿ ಒಂದು ಹೊಸ ಬುಟ್ಟಿ ತಂದು ಸಾಲುಗಲ್ಲಿನ ಮೇಲಿಟ್ಟು ಹೋದಳು. ಒಳ್ಳೆಯ ಹೆಣಿಕೆ. ನಾನು ಅದನ್ನು ಗೋಡೆಯ ಗೂಟಕ್ಕೆ ತೂಗುಹಾಕಿದೆ. ಒಂದು ದಿನವೂ ಬಳಸಲಿಲ್ಲ.

ಅವಳ ಗೂಡಿನಲ್ಲಿ ಉಳಿದದ್ದು ಒಂದೇ. ಬುಟ್ಟಿಯಲ್ಲಿ ಎದ್ದ ಮರಿಗಳಲ್ಲಿ ಒಂದು, ಬೋಳುಗುತ್ತಿಗೆಯದು, ಹೆಣ್ಣು. ಅದನ್ನು ಅವಳು ಆ ಮೂರು ತಿಂಗಳು ನೆಲಕ್ಕೆ ಬಿಡದ ಹಾಗೆ ಸಾಕಿದಳು. ಗೂಡು ಮತ್ತೆ ಕಟ್ಟಿಸಲಿಲ್ಲ. ಆ ಹುರುಪು ಹೋಗಿತ್ತು. ದಿನಾ ಎರಡು ಸಲ ಗುಡಿಸುತ್ತಿದ್ದವಳ ಅಂಗಳದಲ್ಲಿ ಮಧ್ಯಾಹ್ನದವರೆಗೆ ಕಸ ಇರುತ್ತಿತ್ತು. ಅವಳ ಗಂಡ ನನ್ನ ಗಂಡನ ಹತ್ತಿರ, ‘ತನ್ನ ಕೈಯಾಗ ಏನೋ ದೋಷ ಐತಿ ಅನ್ನಾಕತ್ಯಾಳಣ್ಣ’ ಎಂದು ಹೇಳಿದ್ದನ್ನು ಕೇಳಿಸಿಕೊಂಡೆ. ನನ್ನ ಕೋಳಿಗಳನ್ನು ನಾನು ಆ ಹೊತ್ತಿಗೆ ಒಂದೊಂದಾಗಿ ಮಾರಿದ್ದೆ. ಸಾಯುವ ಮುಂಚೆ ಮಾರಿದೆ. ಯಾರ ಮನೆಗೆ ಏನು ಕಳಿಸಿದೆನೋ ಅದನ್ನು ಯೋಚಿಸಿರಲಿಲ್ಲ, ಈಗ ಯೋಚಿಸುತ್ತೇನೆ.

ಪಂಚಮಿ ಬಂತು. ಊರ ಹೆಣ್ಣುಮಕ್ಕಳೆಲ್ಲ ತವರಿಗೆ ಹೋಗುವ ಹಬ್ಬ. ನಮಗಿಬ್ಬರಿಗೂ ಹೋಗಲು ತವರಿರಲಿಲ್ಲ. ಹಬ್ಬದ ಹಿಂದಿನ ದಿನ ನಾನು ಎಳ್ಳುಂಡೆ ಕಟ್ಟುತ್ತಿದ್ದಾಗ ತಂಗಿ ಸಾಲುಗಲ್ಲು ದಾಟಿ ಬಂದಳು. ಕಂಕುಳಲ್ಲಿ ಆ ಪಿಳ್ಳೆ.

‘ಅಕ್ಕಾ, ಇದನ್ನ ಇಟಗೋ.’

‘ಯಾಕ?’

‘ಪಾಲಿನ್ಯಾಗ ಉಳದಿದ್ದು ಇದೊಂದ. ಅರ್ಧ ನಿಂದು. ನನ್ನ ಅರ್ಧನೂ ನೀನ ತಗೋ. ನನ್ನ ಕಡೆ ಇದು ಉಳಿಯಂಗಿಲ್ಲ. ಅವ್ವನ ಕೋಳಿ ನಿನ್ನ ಗೂಡಿನ್ಯಾಗರ ಬದುಕಲಿ. ನಿನ್ನ ಗೂಡಿಗೆ ಏನೂ ಆಗಿಲ್ಲಲ್ಲ.’

ಅಷ್ಟು ಹೇಳಿ ಅವಳು ನನ್ನ ಗೂಡಿನ ಕಡೆ ನಡೆದಳು. ಆ ಗೂಡಿನಲ್ಲಿ ಕೋಳಿಯಿಲ್ಲದೆ ತಿಂಗಳಾಗಿತ್ತು. ಒಳಗಿನವು ಹಸಿದು ಕೂತಿದ್ದವು. ಸಗಣಿಯ ಸೀಳಿನೊಳಗೆ ಅವು ಹೇಗೆ ಒತ್ತೊತ್ತಾಗಿ ಕೂತಿವೆ ಎಂದು ನಾನು ಪಿನ್ನು ಹಾಕಿ ನೋಡಿದ್ದೆ. ಅವಳು ಬಾಗಿಲ ಅಗಳಿ ತೆಗೆದಳು.

‘ಒಯ್ಯಿ ಅದನ್ನ!’ ಎಂದು ಕೂಗಿದೆ. ಎಳ್ಳು ಹತ್ತಿದ ಕೈಯಲ್ಲೇ ಎದ್ದು ಓಡಿದೆ. ‘ಒಳಗ ಬಿಡಬ್ಯಾಡ.’

‘ಯಾಕ? ಅಷ್ಟೂ ಬ್ಯಾಡಾತೇನು ನನ್ನ ಕೈ ಮುಟ್ಟಿದ್ದು?’

‘ಅದಾವ.’

‘ಏನು?’

‘ಉಣ್ಣಿ. ಈ ಗೂಡಿನ್ಯಾಗ ಅದಾವ. ಬುಟ್ಟಿನ್ಯಾಗೂ ಇದ್ದುವು. ನಾ ಕೊಡೋ ಮುಂಚೆನ ಇದ್ದುವು. ನನಗ ಗೊತ್ತಿತ್ತು.’

ಅವಳು ಅಗಳಿಯ ಮೇಲಿನ ಕೈ ತೆಗೆಯಲಿಲ್ಲ. ಪಿಳ್ಳೆ ಕಂಕುಳಿಂದ ತಲೆ ಹೊರಗೆ ಹಾಕಿ ನನ್ನನ್ನು ನೋಡುತ್ತಿತ್ತು.

‘ಆಣಿ ಮಾಡಿದ್ಯಲ್ಲ.’

‘ಮಾಡಿದೆ.’

‘ಅವ್ವಂದು.’

‘ಹೂಂ.’

‘ಬುಟ್ಟಿ ಹಿಡಕೊಂಡು ಬಂದು ಮತ್ತ ಕೇಳಿದ್ನಲ್ಲ.’

ನಾನು ಕೈಗೆ ಹತ್ತಿದ ಎಳ್ಳನ್ನು ಸೆರಗಿಗೆ ಒರೆಸಿಕೊಂಡೆ.

‘ನಳದ ಹತ್ರ ಗಲೀಜು ಅಂದ್ಯಲ್ಲ ನನ್ನ. ನಾ ದಿನಾ ಕುಂತು ಅಳ್ತಿದ್ದೆ, ಎಲ್ಲಿ ತಪ್ಪಿದ್ನಿ, ಎಲ್ಲಿ ತಪ್ಪಿದ್ನಿ ಅಂತ. ನೀ ಈ ಕಡೆ ಕುಂತು ಬೋಗೋಣಿ ತಿಕ್ಕತಿದ್ದಿ.’

ನಾನು ತಪ್ಪಾಯಿತು ಅನ್ನಲು ಬಾಯಿ ತೆಗೆದೆ. ಅವಳು ಕೈ ಎತ್ತಿ ತಡೆದಳು. ಅಲ್ಲಿಂದ ನೇರವಾಗಿ ನನ್ನ ಗೋಡೆಯ ಗೂಟದ ಹತ್ತಿರ ಹೋಗಿ, ತಾನು ತಂದುಕೊಟ್ಟ ಹೊಸ ಬುಟ್ಟಿಯನ್ನು ತೆಗೆದುಕೊಂಡಳು. ಪಿಳ್ಳೆಯನ್ನು ಅದರಲ್ಲಿಟ್ಟಳು. ಇಡುವ ಮುಂಚೆ ಬುಟ್ಟಿಯನ್ನು ಬೆಳಕಿಗೆ ಹಿಡಿದು ಸುತ್ತಲೂ ನೋಡಿದಳು.

‘ಇನ್ನ ಮ್ಯಾಲ ನನ್ನ ಬಾಯಾಗ ಅಕ್ಕಾ ಅಂತ ಬರಂಗಿಲ್ಲ’ ಅಂದಳು. ‘ಕರದ್ರ ಕಿವಿ ಮುಚಗೋ.’

ಅಂದಂತೆಯೇ ನಡೆದಳು. ಈಗ ಯಾರಾದರೂ ಕೇಳಿದರೆ ‘ನಮ್ಮ ನೆಗೆಣ್ಣಿ’ ಅನ್ನುತ್ತಾಳೆ. ಊರಿಗೆಲ್ಲ ಹೇಳುತ್ತಾಳೆ ಅಂದುಕೊಂಡಿದ್ದೆ, ಹೇಳಲಿಲ್ಲ. ಹೇಳಿದ್ದರೆ ಬೈಸಿಕೊಂಡು ಹಗುರಾಗುತ್ತಿದ್ದೆ. ಅದಕ್ಕೇ ಹೇಳಲಿಲ್ಲವೋ ಏನೋ. ನಳದ ಹತ್ತಿರ ನಾನೇ ಹೇಳಿದೆ. ಅವಳ ಗೂಡು ಗಲೀಜಿರಲಿಲ್ಲ, ನನ್ನ ಬುಟ್ಟಿಯಿಂದ ಹೋದವು ಎಂದು, ಕೊಡ ಕೆಳಗಿಟ್ಟು, ಎಲ್ಲರ ಮುಂದೆ. ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡು ಹೋದರು. ಎದುರು ಮನೆಯ ಮುದುಕಿ ಮಾತ್ರ, ‘ಕೋಳಿನ ತಲಿಕೆಳಗ ಮಾಡಿ ನೋಡಿದ್ಲು, ನಿನ್ನ ಮಾಡಿ ನೋಡಬೇಕಿತ್ತು’ ಅಂದಳು. ಅವತ್ತಿನಿಂದ ನನ್ನ ಮನೆಗೆ ಎಲೆ ಅಡಿಕೆಗೆ ಬಂದಿಲ್ಲ.

ಮಾವನ ಬಂಡಿಯ ಹಲಗೆ ಕಿತ್ತು ಸುಟ್ಟೆ. ಲಿಂಗಸುಗೂರು ಕಡೆಯಿಂದ ಬರುವ ಟ್ರ್ಯಾಕ್ಟರಿನವನಿಗೆ ಹೇಳಿ ಹಾಸುಗಲ್ಲು ತರಿಸಿ, ಅವ್ವನದರಂಥ ಗೂಡು ಕೂರಿಸಿದೆ. ಕೆಳಗೆ ಕಲ್ಲು, ಮೇಲೆ ಕಲ್ಲು, ಸಂದಿಗೆ ಗಾರೆ. ಉಳಿದದ್ದು ಮನೆಯ ಮಣ್ಣಿನ ಗೋಡೆ. ಅದನ್ನು ಸುಡಲಾಗುವುದಿಲ್ಲ. ಅಮಾವಾಸ್ಯೆಗೊಮ್ಮೆ ಬಿರುಕು ಕೆರೆದು, ಕುದಿಯುವ ನೀರು ಹೊಯ್ದು, ಸಿಂಧನೂರಿನ ದನದ ಆಸ್ಪತ್ರೆಯಿಂದ ತಂದ ಔಷಧಿ ಹೊಡೆದು, ಗಾರೆ ತುಂಬುತ್ತೇನೆ. ಗೂಡಿನಲ್ಲಿ ಒಂದು ಕೋಳಿಯೂ ಇಲ್ಲ. ವರ್ಷವಾಯಿತು, ಖಾಲಿ ಗೂಡಿನ ಹಿಕ್ಕೆಯಿಲ್ಲದ ನೆಲ ಗುಡಿಸುತ್ತೇನೆ.

ಆ ಪಿಳ್ಳೆ ಆ ಕಡೆ ದೊಡ್ಡದಾಯಿತು. ತತ್ತಿಗೆ ಬಂತು. ತಂಗಿ ಮತ್ತೆ ಗೂಡು ಕಟ್ಟಿಸಿದಳು. ಈಗ ಮುಂಜಾನೆ ಅವಳ ಅಂಗಳದಲ್ಲಿ ಕಸ ಇರುವುದಿಲ್ಲ. ಹೋದ ತಿಂಗಳು ಯಾರದೋ ಕಾವಿನ ಕೋಳಿ ತಂದು ಮರಿ ಎಬ್ಬಿಸಿದಳು. ಸಾಲುಗಲ್ಲಿನ ಮೇಲಿಂದ ನೋಡಿದರೆ ನಾಲ್ಕು ಬೋಳು ಕುತ್ತಿಗೆ ಕಾಣುತ್ತವೆ. ಪಾಲು ಅಂದ ಮೇಲೆ ಆ ಪಿಳ್ಳೆಯಲ್ಲಿ ನನ್ನ ಅರ್ಧ ಇತ್ತು. ಅದನ್ನು ಕೇಳುವ ಬಾಯಿ ನನಗಿಲ್ಲ. ಆದರೂ ಅವಳು ಲೆಕ್ಕ ಮರೆತಿಲ್ಲ ಎಂದು ನನಗೆ ಗೊತ್ತು. ಯಾಕೆಂದರೆ ಪ್ರತಿ ಅಮಾವಾಸ್ಯೆ, ನಾನು ಕೆರೆದು ತೊಳೆದು ಮುಗಿಸಿದ ಹೊತ್ತಿಗೆ, ಅವಳು ಕರೆಯದೆಯೇ ಸಾಲುಗಲ್ಲು ದಾಟಿ ಬರುತ್ತಾಳೆ. ನನ್ನ ಮುಖ ನೋಡುವುದಿಲ್ಲ. ತಾಳಿಯಿಂದ ಪಿನ್ನು ತೆಗೆದು ಕಲ್ಲಿನ ಸಂದಿಗೆ, ಗೋಡೆಯ ಬಿರುಕಿಗೆ, ಒಂದೊಂದನ್ನೂ ಬಿಡದೆ ಚುಚ್ಚುತ್ತಾಳೆ. ಗೂಡು ಚೊಕ್ಕ ಎಂದು ಅವಳು ಒಪ್ಪಿದ ದಿನವೇ ನನ್ನ ಪಾಲು ಈ ಕಡೆ ಬರುವುದು.

ಮೊನ್ನೆಯ ಅಮಾವಾಸ್ಯೆಗೂ ಬಂದಳು. ಗೋಡೆಯ ಮೂಲೆಯಲ್ಲಿ ಕೊನೆಯ ಬಿರುಕಿಗೆ ಚುಚ್ಚಿ, ಪಿನ್ನು ಹೊರಗೆ ತೆಗೆದಳು. ಅವ್ವ ಮಾಡುತ್ತಿದ್ದ ಹಾಗೆ ತುದಿಯನ್ನು ನನ್ನ ಕಣ್ಣ ಮುಂದೆ ಹಿಡಿದಳು. ತುದಿ ಬೆಳ್ಳಗೆ ಹೊಳೆಯುತ್ತಿತ್ತು. ಒಂದಿಷ್ಟು ಮಣ್ಣು ಬಿಟ್ಟರೆ ಏನೂ ಇರಲಿಲ್ಲ.

‘ಅದಾವ’ ಅಂದಳು.

ನಾನು ಪಿನ್ನನ್ನೂ ನೋಡಿದೆ, ಅವಳನ್ನೂ ನೋಡಿದೆ. ಇಲ್ಲ ಎಂದು ಹೇಳುವ ಹಕ್ಕು ನನ್ನದಲ್ಲ.

‘ಹೌದು, ಅದಾವ’ ಅಂದೆ.

ಅವಳು ಪಿನ್ನು ಸಿಕ್ಕಿಸಿಕೊಂಡು ಆ ಕಡೆ ಹೋದಳು. ನಾನು ಮತ್ತೆ ನೀರು ಕಾಯಲು ಇಟ್ಟೆ.